ನಮ್ಮ ಪ್ಯಾಸೆಂಜರ್ ಗಾಡಿಯ ಲೆಕ್ಕ ನಾವೇ ಇಡುವುದು ಹೇಗೆ

ಮುಂಜಾನೆ ಗಾಡಿಯಲ್ಲಿ ಕೇಳಿಬರುವ ಮಾತು ಎರಡೇ. ಒಂದು, "ಇವತ್ತೂ ಲೇಟ್ ಆತು ನೋಡ್ರಿ." ಇನ್ನೊಂದು, "ಇನ್ನೆರಡು ಡಬ್ಬಿ ಹಚ್ಚಿದ್ರ ಏನಾಗ್ತಿತ್ತು?" ಗದಗ–ಹುಬ್ಬಳ್ಳಿ ದಾರಿಯಲ್ಲಿರುವ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಓಡಾಡಲು ಶುರು ಮಾಡಿದಾಗಿನಿಂದ ಈ ಎರಡು ಮಾತನ್ನು ನಾನು ಕೇಳುತ್ತಲೂ ಇದ್ದೇನೆ, ಆಡುತ್ತಲೂ ಇದ್ದೇನೆ. ಆದರೆ ಎಷ್ಟು ನಿಮಿಷ ಲೇಟ್, ತಿಂಗಳಲ್ಲಿ ಎಷ್ಟು ದಿನ ಲೇಟ್, ನಿಂತುಕೊಂಡು ಹೋದವರು ಎಷ್ಟು ಜನ ಎಂದು ಯಾರಾದರೂ ಕೇಳಿದರೆ ನಮ್ಮ ಡಬ್ಬಿಯಲ್ಲಿ ಒಬ್ಬರ ಹತ್ತಿರವೂ ಉತ್ತರ ಇರುತ್ತಿರಲಿಲ್ಲ. ಉತ್ತರ ಇಲ್ಲದವರ ಅರ್ಜಿಗೆ ತೂಕ ಇರುವುದಿಲ್ಲ, ಅಷ್ಟೇ. ಹಾಗಾಗಿ ಒಂದು ನೋಟ್‌ಬುಕ್ ಇಡಲು ಶುರು ಮಾಡಿದೆ. ಅದನ್ನು ಹೇಗೆ ಇಡಬೇಕು, ಏನು ಬರೆಯಬೇಕು, ಆಮೇಲೆ ಅದನ್ನು ಹಿಡಿದು ಎಲ್ಲಿಗೆ ಹೋಗಬೇಕು ಎಂದು ಇಲ್ಲಿ ಬರೆದಿದ್ದೇನೆ. ನೀವು ಗದಗದವರಾಗಲಿ, ಕುಂದಗೋಳದವರಾಗಲಿ, ಅಳ್ನಾವರದವರಾಗಲಿ, ಮಾಡುವ ರೀತಿ ಒಂದೇ.

ರೈಲ್ವೆಯ ಲೆಕ್ಕ ಎಲ್ಲಿ ನಿಲ್ಲುತ್ತದೆ

ಗಾಡಿ ಸಮಯಕ್ಕೆ ಬಂತೋ ಇಲ್ಲವೋ ಎಂದು ರೈಲ್ವೆ ನೋಡುವುದು ಅದು ಕೊನೆಯ ನಿಲ್ದಾಣಕ್ಕೆ ಮುಟ್ಟಿದ ಹೊತ್ತನ್ನು. ಮೇಲ್, ಎಕ್ಸ್‌ಪ್ರೆಸ್ ಗಾಡಿಗಳು ಕೊನೆ ನಿಲ್ದಾಣಕ್ಕೆ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಬಂದ ಲೆಕ್ಕ. ನಡುವೆ ಅಣ್ಣಿಗೇರಿಯಲ್ಲೋ ಹೆಬಸೂರಿನಲ್ಲೋ ಗಾಡಿ ಎಷ್ಟು ತಡವಾಗಿತ್ತು ಎಂಬುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ.

ಇದಕ್ಕೆ ಇನ್ನೊಂದು ವಿಷಯ ಸೇರುತ್ತದೆ. ವೇಳಾಪಟ್ಟಿ ಮಾಡುವಾಗ ದಾರಿಯಲ್ಲಿ ಆಗುವ ತಡ ತುಂಬಿಕೊಳ್ಳಲಿ ಎಂದು ಸ್ವಲ್ಪ ಹೆಚ್ಚುವರಿ ಸಮಯ ಇಟ್ಟಿರುತ್ತಾರೆ, ಅದು ಸಾಮಾನ್ಯವಾಗಿ ಕೊನೆಯ ನಿಲ್ದಾಣದ ಹತ್ತಿರವೇ ಇರುತ್ತದೆ. ನಿಮ್ಮ ಗಾಡಿಯಲ್ಲಿ ಅದು ಎಷ್ಟಿದೆ ಎಂದು ಕಂಡುಹಿಡಿಯುವುದು ತುಂಬ ಸುಲಭ. ವೇಳಾಪಟ್ಟಿ ತೆಗೆದು, ಗಾಡಿ ಕೊನೆಯ ಹಿಂದಿನ ನಿಲ್ದಾಣದಿಂದ ಕೊನೆ ನಿಲ್ದಾಣಕ್ಕೆ ಬರಲು ಎಷ್ಟು ನಿಮಿಷ ಕೊಟ್ಟಿದ್ದಾರೆ ನೋಡಿ. ಆಮೇಲೆ ಅದೇ ತುಂಡು ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುವ ಅದೇ ಥರದ ಗಾಡಿಗೆ ಎಷ್ಟು ಕೊಟ್ಟಿದ್ದಾರೆ ನೋಡಿ. ಹೋಗಲು 10 ನಿಮಿಷ, ಬರಲು 28 ನಿಮಿಷ ಎಂದಿದ್ದರೆ, ಹೆಚ್ಚು ಕಡಿಮೆ 18 ನಿಮಿಷ ಹೆಚ್ಚುವರಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಅಂದರೆ ನಡುವಿನ ಊರಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ 20 ನಿಮಿಷ ಕಾದವನ ಗಾಡಿ ಹುಬ್ಬಳ್ಳಿಗೆ "ಸರಿಯಾದ ಸಮಯಕ್ಕೆ" ಮುಟ್ಟಬಹುದು. ಇದು ಗೊತ್ತಿಲ್ಲದೆ ಅರ್ಜಿ ಬರೆದರೆ "ನಿಮ್ಮ ಗಾಡಿ ಸಮಯಕ್ಕೆ ಸರಿಯಾಗಿಯೇ ಓಡುತ್ತಿದೆ" ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳಿದಂತೆಯೂ ಅಲ್ಲ, ಅವರ ಲೆಕ್ಕ ಹಾಗೆಯೇ ಇದೆ.

ಆದ್ದರಿಂದ ನಮ್ಮ ನೋಟ್‌ಬುಕ್ ನಡುವಿನ ನಿಲ್ದಾಣದ್ದಾಗಿರಬೇಕು. ಈ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ನೆನಪಿಡಿ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ಗಾಡಿಯ ಹೆಸರಿಗಿಂತ ನಂಬರ್ ಮುಖ್ಯ. ಐದು ಅಂಕಿಯ ಆ ನಂಬರಿನಲ್ಲಿ ಮೊದಲನೆಯದು 5 ಇದ್ದರೆ ಎಂಜಿನ್ ಎಳೆಯುವ ಪ್ಯಾಸೆಂಜರ್, 6 ಇದ್ದರೆ ಮೆಮು (ಎಂಜಿನ್ ಡಬ್ಬಿಯಲ್ಲೇ ಇರುವ ಕರೆಂಟಿನ ಗಾಡಿ), 7 ಇದ್ದರೆ ಡೆಮು (ಅಂಥದ್ದೇ ಡೀಸೆಲ್ ಗಾಡಿ). ನಾವೆಲ್ಲ "ಏಳರ ಗಾಡಿ", "ಗದಗ ಲೋಕಲ್" ಎಂದು ಕರೆಯುತ್ತೇವೆ, ಆಫೀಸಿನಲ್ಲಿ ಆ ಹೆಸರು ಯಾರಿಗೂ ಅರ್ಥ ಆಗುವುದಿಲ್ಲ. ಕೋವಿಡ್ ನಂತರ ಬಹಳ ಗಾಡಿಗಳು ಸೊನ್ನೆಯಿಂದ ಶುರುವಾಗುವ ಸ್ಪೆಷಲ್ ನಂಬರಿನಲ್ಲಿ ಓಡಿದವು, 2025ರ ಜನವರಿ 1ರ ವೇಳಾಪಟ್ಟಿಯಲ್ಲಿ ಮತ್ತೆ ಬದಲಾದವು. ಹಳೆ ನಂಬರ್ ಬರೆದ ಅರ್ಜಿ ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಈಗಿನ ನಂಬರ್ ನೋಡಿಕೊಂಡೇ ಬರೆಯಿರಿ.

ಒಂದು ದಿನಕ್ಕೆ ಒಂದು ಸಾಲು ಸಾಕು. ನನ್ನ ಪುಟದಲ್ಲಿ ಒಂದು ಸಾಲು ಹೀಗಿರುತ್ತದೆ: ತಾರೀಖು, ವಾರ, ಗಾಡಿ ನಂಬರ್, ಹತ್ತುವ ಊರಿಗೆ ಬಂದ ಹೊತ್ತು, ಬಿಟ್ಟ ಹೊತ್ತು, ಇಳಿಯುವ ಊರಿಗೆ ಮುಟ್ಟಿದ ಹೊತ್ತು, ಎಷ್ಟು ಡಬ್ಬಿ, ಎಷ್ಟು ಗರ್ದಿ (ಜನಸಂದಣಿ), ಮತ್ತು ಕೊನೆಗೆ ಒಂದು ಸಣ್ಣ ಟಿಪ್ಪಣಿ. ಟಿಪ್ಪಣಿಯಲ್ಲಿ "ಹೆಬಸೂರಲ್ಲಿ 12 ನಿಮಿಷ ನಿಂತಿತು, ಗೂಡ್ಸ್ ಮುಂದೆ ಬಿಟ್ಟರು" ಅಥವಾ "ಹುಬ್ಬಳ್ಳಿ ಔಟರ್‌ನಲ್ಲಿ (ನಿಲ್ದಾಣದ ಹೊರಗಿನ ಸಿಗ್ನಲ್ ಹತ್ತಿರ) 9 ನಿಮಿಷ" ಎಂದು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ಕಂಡಿಲ್ಲ ಎಂದರೆ ಖಾಲಿ ಬಿಡಿ. ಊಹೆ ಬರೆಯಬೇಡಿ, ಒಂದು ಊಹೆ ತಪ್ಪು ಎಂದು ಗೊತ್ತಾದರೆ ಉಳಿದ ಪುಟವನ್ನೂ ಯಾರೂ ನಂಬುವುದಿಲ್ಲ.

ಬಂದ ಹೊತ್ತು ಅಂದರೆ ಚಕ್ರ ಪೂರ್ತಿ ನಿಂತ ಹೊತ್ತು. ಬಿಟ್ಟ ಹೊತ್ತು ಅಂದರೆ ಚಕ್ರ ತಿರುಗಲು ಶುರುವಾದ ಹೊತ್ತು. ಸೀಟಿ ಹೊಡೆದದ್ದು, ಸಿಗ್ನಲ್ ಬಿದ್ದದ್ದು ಲೆಕ್ಕಕ್ಕೆ ಬೇಡ. ಮೊಬೈಲ್ ಗಡಿಯಾರ ಬಳಸಿ. ಒಂದು ದಿನ ಕೈಗಡಿಯಾರ, ಒಂದು ದಿನ ಟೇಶನ್ ಗಡಿಯಾರ ಎಂದರೆ ಎರಡು ಮೂರು ನಿಮಿಷ ಸುಮ್ನೆ ಹೆಚ್ಚು ಕಡಿಮೆ ಆಗುತ್ತದೆ.

"ಎನ್‌ಟಿಇಎಸ್‌ನಲ್ಲಿ ಎಲ್ಲಾ ಬರುತ್ತದಲ್ಲ, ಬರೆಯುವುದು ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ಗಾಡಿಗಳ ಓಡಾಟ ತೋರಿಸುವ ರೈಲ್ವೆಯ ಆ ಆ್ಯಪ್ ಉಪಯೋಗಕ್ಕೆ ಬರುತ್ತದೆ, 139ಕ್ಕೆ ಫೋನ್ ಮಾಡಿದರೂ ಗಾಡಿ ಎಲ್ಲಿದೆ ಎಂದು ತಿಳಿಯುತ್ತದೆ. ಆದರೆ ಸ್ಟೇಷನ್ ಮಾಸ್ಟರ್ ಇಲ್ಲದ ಸಣ್ಣ ಹಾಲ್ಟ್‌ಗಳಲ್ಲಿ ತೋರಿಸುವ ಹೊತ್ತು ಎಷ್ಟೋ ಸಲ ಅಂದಾಜಿನದ್ದು. ದಿನಾ ಇಳಿದ ಕೂಡಲೇ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ನಿಮ್ಮ ಸಾಲಿನ ಪಕ್ಕ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ಎರಡಕ್ಕೂ ವ್ಯತ್ಯಾಸ ಬಂದರೆ ಎರಡನ್ನೂ ಬರೆಯಿರಿ.

ಕಡಿಮೆ ಅಂದರೂ ನಾಲ್ಕು ವಾರ ಬರೆಯಬೇಕು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ, ರಜೆ ಬರುತ್ತದೆ, ಜ್ವರ ಬರುತ್ತದೆ. ಮೂರು ಜನ ಸೇರಿ, ಬೇರೆ ಬೇರೆ ಊರಿನಲ್ಲಿ ಹತ್ತುವವರಾದರೆ ಇನ್ನೂ ಒಳ್ಳೆಯದು. ಗದಗದಲ್ಲಿ ಒಬ್ಬರು, ಹುಲಕೋಟಿಯಲ್ಲಿ ಒಬ್ಬರು, ಅಣ್ಣಿಗೇರಿಯಲ್ಲಿ ಒಬ್ಬರು ಎಂದರೆ ಗಾಡಿ ಎಲ್ಲಿ ಸಮಯ ಕಳೆದುಕೊಳ್ಳುತ್ತದೆ ಎಂದು ತಾನಾಗಿಯೇ ಗೊತ್ತಾಗುತ್ತದೆ. ಗದಗದಿಂದ ಸರಿಯಾಗಿ ಬಿಟ್ಟು ದಾರಿಯಲ್ಲಿ ತಡವಾಗುವುದು ಬೇರೆ ಸಮಸ್ಯೆ, ಹೊರಡುವುದೇ ತಡವಾಗಿ ಎಂಬುದು ಬೇರೆ ಸಮಸ್ಯೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಹೊರಡುವುದೇ ತಡ ಎಂದರೆ ಆ ರೇಕು, ಅಂದರೆ ಡಬ್ಬಿಗಳ ಸಾಲು, ಅದಕ್ಕೆ ಮುಂಚೆ ಯಾವ ಗಾಡಿಯಾಗಿ ಬಂತು ಎಂದು ನೋಡಬೇಕು. ಅದು ತಡವಾಗಿ ಬಂದಿದ್ದರೆ ನಮ್ಮದೂ ತಡ ಆಗಿಯೇ ಆಗುತ್ತದೆ.

ಜನರನ್ನು ಎಣಿಸುವುದು

ಇದು ಕಷ್ಟದ ಭಾಗ, ಆದರೆ ಎಲ್ಲಕ್ಕಿಂತ ಮುಖ್ಯ ಅಂತ ನನಗನಿಸುತ್ತದೆ. "ಗಾಡಿ ಫುಲ್" ಎಂದರೆ ಏನೂ ಹೇಳಿದಂತೆ ಆಗುವುದಿಲ್ಲ.

ಡಬ್ಬಿಯೊಳಗೆ ಗೋಡೆಯ ಮೇಲೆ ಎಷ್ಟು ಆಸನ ಎಂದು ಬರೆದಿರುತ್ತದೆ. ಹಳೆಯ ಐಸಿಎಫ್ ಜನರಲ್ ಡಬ್ಬಿಯಲ್ಲಿ 90 ಇರುತ್ತದೆ, ಹೊಸ ಎಲ್‌ಎಚ್‌ಬಿ ಡಬ್ಬಿಯಲ್ಲಿ 100ರ ಹತ್ತಿರ. ಮೆಮು, ಡೆಮುಗಳಲ್ಲಿ ಎಂಜಿನ್ ಇರುವ ಡಬ್ಬಿಗೂ ಉಳಿದವಕ್ಕೂ ಬೇರೆ ಬೇರೆ. ಹಾಗಾಗಿ ಒಂದು ದಿನ ಪ್ಲಾಟ್‌ಫಾರ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಪ್ರತಿ ಡಬ್ಬಿಯ ಅಂಕಿ ನೋಡಿ ಒಟ್ಟು ಮಾಡಿಟ್ಟುಕೊಳ್ಳಿ. ಹುಬ್ಬಳ್ಳಿಯ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಆದರೆ ನಮ್ಮ ಪ್ಯಾಸೆಂಜರ್‌ಗೆ ಅಷ್ಟು ನಡೆಯಬೇಕಾಗಿಲ್ಲ, ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ.

ಆಮೇಲೆ ದಿನಾ ಗರ್ದಿಗೆ ಒಂದು ಗುರುತು ಹಾಕಿ. ನಾನು ನಾಲ್ಕು ಮೆಟ್ಟಿಲು ಇಟ್ಟುಕೊಂಡಿದ್ದೇನೆ. ಸೀಟು ಖಾಲಿ ಇದ್ದರೆ 1. ಸೀಟೆಲ್ಲ ತುಂಬಿದ್ದರೆ 2. ನಡುವಿನ ದಾರಿಯಲ್ಲಿ ಜನ ನಿಂತಿದ್ದರೆ 3. ಬಾಗಿಲಲ್ಲಿ ಕಾಲಿಡಲು ಜಾಗ ಇಲ್ಲದಿದ್ದರೆ, ಅಥವಾ ಯಾರಾದರೂ ಹತ್ತಲಾಗದೆ ಕೆಳಗೇ ಉಳಿದಿದ್ದರೆ 4. ಹತ್ತಲಾಗದೆ ಉಳಿದವರ ಸಂಖ್ಯೆಯನ್ನು ಬೇರೆಯೇ ಬರೆಯಿರಿ, ಆ ಒಂದು ಅಂಕಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ.

ತಿಂಗಳಲ್ಲಿ ಎರಡು ಮೂರು ದಿನ ಮಾತ್ರ ಪೂರ್ತಿ ತಲೆ ಎಣಿಕೆ ಮಾಡಿ. ಪ್ರತಿ ಬಾಗಿಲಿಗೆ ಒಬ್ಬರು ನಿಲ್ಲಬೇಕೆಂದಿಲ್ಲ. ಇಳಿಯುವ ಊರಿನಲ್ಲಿ ಹೊರಗೆ ಹೋಗುವ ಮೇಲ್ಸೇತುವೆಯ ಮೆಟ್ಟಿಲ ಹತ್ತಿರ ಒಬ್ಬರು, ಗೇಟಿನ ಹತ್ತಿರ ಒಬ್ಬರು ನಿಂತು ಕೈಯಲ್ಲಿ ಎಣಿಸುವ ಗುಂಡಿ ಒತ್ತುತ್ತಾ ಹೋದರೆ ಸಾಕು. ದೇವಸ್ಥಾನದಲ್ಲಿ ಜಪ ಎಣಿಸಲು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದೇ ಸಣ್ಣ ಕೌಂಟರ್. ನನ್ನ ತಾಯಿಯದ್ದನ್ನೇ ಇಸಿದುಕೊಂಡು ಹೋಗಿದ್ದೆ, ಬಹಳ ಚೆನ್ನಾಗಿ ಕೆಲಸಕ್ಕೆ ಬಂತು.

ಯಾವ ದಿನ ಎಣಿಸಬೇಕು ಎಂಬುದೂ ಮುಖ್ಯ. ಶಿವರಾತ್ರಿ ಮರುದಿನ ಸಿದ್ಧಾರೂಢರ ತೇರಿಗೆ ಹುಬ್ಬಳ್ಳಿಗೆ ಬರುವ ಗಾಡಿ ತುಂಬಿರುತ್ತದೆ, ಅದನ್ನು ತೋರಿಸಿ ದಿನಾ ಹೀಗೇ ಎಂದರೆ ಯಾರೂ ಒಪ್ಪುವುದಿಲ್ಲ. ಒಂದು ಮಂಗಳವಾರವೋ ಬುಧವಾರವೋ ತೆಗೆದುಕೊಳ್ಳಿ, ಜೊತೆಗೆ ಒಂದು ಸೋಮವಾರ, ಒಂದು ಶನಿವಾರ. ಹಾವೇರಿ ಕಡೆಯವರು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಿನ ಒಂದನ್ನು ಬೇರೆಯಾಗಿ ಎಣಿಸಿದರೆ ಒಳ್ಳೆಯದು, ಸುಗ್ಗಿಯ ಹೊತ್ತಿನಲ್ಲಿ ಅದರ ಲೆಕ್ಕವೇ ಬೇರೆ. ಧಾರವಾಡಕ್ಕೆ ಹೋಗುವ ಗಾಡಿಯಾದರೆ ಹೈಕೋರ್ಟ್ ಪೀಠಕ್ಕೆ, ವಿಶ್ವವಿದ್ಯಾಲಯಕ್ಕೆ ರಜೆ ಇರುವ ದಿನ ಬಿಟ್ಟುಬಿಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ ಉಚಿತ. ಹುಬ್ಬಳ್ಳಿ–ಧಾರವಾಡ ನಡುವೆ ಚಿಗರಿ ಎಂಬ ವೇಗದ ಬಸ್ ಬೇರೆ ಇದೆ. ಹಾಗಾಗಿ ಎಣಿಸುವಾಗ ಗಂಡಸರು ಎಷ್ಟು, ಹೆಂಗಸರು ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಿ. ಬಸ್ ಉಚಿತ ಇದ್ದರೂ ದುಡ್ಡು ಕೊಟ್ಟು ರೈಲಿಗೆ ಬರುವ ಹೆಣ್ಣುಮಕ್ಕಳು ಇದ್ದಾರೆ ಎಂದರೆ ಅವರಿಗೆ ಆ ಹೊತ್ತಿನ ಗಾಡಿ ಎಷ್ಟು ಬೇಕಾಗಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಟಿಕೆಟ್ ತೆಗೆಯದವನನ್ನು ರೈಲ್ವೆ ಎಣಿಸುವುದಿಲ್ಲ

ನಾವು ಎಷ್ಟೇ ತಲೆ ಎಣಿಸಿದರೂ ರೈಲ್ವೆ ನೋಡುವುದು ಮಾರಾಟವಾದ ಟಿಕೆಟನ್ನು. ನವಲೂರಿನಲ್ಲೋ ಬಿಂಕದಕಟ್ಟಿಯಲ್ಲೋ ನೂರು ಜನ ಹತ್ತಿ, ಮೂವತ್ತು ಜನ ಟಿಕೆಟ್ ತೆಗೆದರೆ ಆ ಊರಿನಲ್ಲಿ ಹತ್ತಿದ್ದು ಮೂವತ್ತೇ ಜನ. ಮುಂದೆ ಯಾವ ನಿಲುಗಡೆ ಉಳಿಸಬೇಕು, ಯಾವುದು ಬೇಡ ಎಂಬ ಪ್ರಶ್ನೆ ಬಂದಾಗ ಆ ಮೂವತ್ತೇ ಎದುರಿಗೆ ಬರುತ್ತದೆ. ಪ್ಯಾಸೆಂಜರ್‌ನ ಕನಿಷ್ಠ ದರ 10 ರೂಪಾಯಿ. ಕೋವಿಡ್ ಹೊತ್ತಿನಲ್ಲಿ 30 ಆಗಿದ್ದು 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಒಂದು ಚಹಾದ ದುಡ್ಡು. ನಮ್ಮ ಗಾಡಿ ಉಳಿಯಲಿ ಎನ್ನುವವರು ಅದನ್ನು ತಪ್ಪಿಸಬಾರದು, ಇದನ್ನು ನಾನು ಡಬ್ಬಿಯಲ್ಲಿ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಪಾಸ್ ಇರುವವರಿಗೆ ಒಂದು ವಿಷಯ. ತಿಂಗಳ ಪಾಸ್ ಒಂದನ್ನು ರೈಲ್ವೆ ತನ್ನ ಲೆಕ್ಕದಲ್ಲಿ 50 ಪ್ರಯಾಣ ಎಂದು ಹಿಡಿಯುತ್ತದೆ, ಅಂದರೆ ದಿನಕ್ಕೆ ಎರಡರಂತೆ 25 ದಿನ. ದುಡ್ಡಿನಲ್ಲೂ ಉಳಿತಾಯ, ಲೆಕ್ಕದಲ್ಲೂ ಊರಿಗೆ ಲಾಭ. ಆದರೆ ಪಾಸನ್ನು ನೀವು ನಿಜವಾಗಿ ಹತ್ತುವ ಊರಿನಿಂದಲೇ ಮಾಡಿಸಿ. ಅಣ್ಣಿಗೇರಿಯಲ್ಲಿ ಹತ್ತುವವರು "ಇರಲಿ, ಯಾವಾಗಾದರೂ ಬೇಕಾಗುತ್ತದೆ" ಎಂದು ಗದಗ–ಹುಬ್ಬಳ್ಳಿ ಪಾಸ್ ಮಾಡಿಸಿದರೆ ಆ 50 ಪ್ರಯಾಣ ಗದಗದ ಖಾತೆಗೆ ಹೋಗುತ್ತದೆ, ಅಣ್ಣಿಗೇರಿಗೆ ಸೊನ್ನೆ. ಮೊಬೈಲ್‌ನಲ್ಲಿ ಟಿಕೆಟ್ ತೆಗೆಯುವಾಗಲೂ ಅಷ್ಟೇ, ಎಲ್ಲಿಂದ ಎಂಬ ಜಾಗದಲ್ಲಿ ಬೇರೆ ನಿಲ್ದಾಣದ ಹೆಸರು ಬಂದಿರಬಹುದು, ನೋಡಿ ಬದಲಿಸಿ. ಕಾಗದವಿಲ್ಲದ ಟಿಕೆಟನ್ನು ಹಳಿಯ ಮೇಲೆ, ಗಾಡಿಯೊಳಗೆ ನಿಂತು ತೆಗೆಯಲು ಬರುವುದಿಲ್ಲ, ಮನೆಯಿಂದ ಹೊರಡುವಾಗಲೇ ತೆಗೆದುಬಿಡಿ.

ಇನ್ನೊಂದು ತೊಡಕು ಇದೆ. ಸಾದಾ ಟಿಕೆಟಿನ ಮೇಲೆ ಗಾಡಿ ನಂಬರ್ ಇರುವುದಿಲ್ಲ. ಹತ್ತಿರದ ಊರಿನ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು, ಅಷ್ಟೇ ನಿಯಮ. ಹಾಗಾದರೆ ಯಾವ ಗಾಡಿಗೆ ಎಷ್ಟು ಜನ ಎಂದು ತಿಳಿಯುವುದು ಹೇಗೆ? ಟಿಕೆಟ್ ಕೊಟ್ಟ ಹೊತ್ತು ಮತ್ತು ಅದು ಪ್ಯಾಸೆಂಜರ್ ದರದ್ದೋ ಎಕ್ಸ್‌ಪ್ರೆಸ್ ದರದ್ದೋ ಎಂಬುದರಿಂದ ಅಂದಾಜು ಮಾಡಬಹುದು. ಅಲ್ಲಿ ನಮ್ಮ ತಲೆ ಎಣಿಕೆ ಬಹಳ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಟಿಕೆಟ್ ಹೇಳದ ಮಾತನ್ನು ಅದು ಹೇಳುತ್ತದೆ.

ಲೆಕ್ಕ ಹಾಕುವುದು

ಸರಾಸರಿ ತೆಗೆಯಬೇಡಿ. ಐದು ದಿನದ ತಡ 4, 6, 7, 9 ಮತ್ತು 94 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ 24 ಬರುತ್ತದೆ. ಆದರೆ 24 ನಿಮಿಷ ತಡವಾದ ದಿನ ಒಂದೂ ಇಲ್ಲ. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ, ಇಲ್ಲಿ 7. ಅದೇ ದಿನನಿತ್ಯದ ತಡ. 94ನ್ನು ಬೇರೆಯಾಗಿ, ಕಾರಣದ ಜೊತೆ ಹೇಳಿ.

ಇದಕ್ಕಿಂತ ಒಳ್ಳೆಯ ಅಂಕಿ ಇನ್ನೊಂದಿದೆ. ನಮಗೆ ಬೇಕಾದದ್ದು ಹತ್ತು ಗಂಟೆಗೆ ಆಫೀಸಿನಲ್ಲಿ ಹಾಜರಿಗೆ ಬೆರಳು ಒತ್ತುವುದು ಅಲ್ವಾ? ಅದಕ್ಕೆ ಗಾಡಿಯಿಂದ 9:35ಕ್ಕೆ ಇಳಿಯಬೇಕು ಎಂದಿದ್ದರೆ, ತಿಂಗಳಲ್ಲಿ ಎಷ್ಟು ದಿನ 9:35ರೊಳಗೆ ಇಳಿದಿರಿ, ಎಷ್ಟು ದಿನ ಇಲ್ಲ ಎಂದು ಎಣಿಸಿ. "24 ದಿನದಲ್ಲಿ 15 ದಿನ" ಎಂಬ ಮಾತು ಯಾರಿಗೂ ಕೂಡಲೇ ಅರ್ಥವಾಗುತ್ತದೆ. ಆಮೇಲೆ ವಾರದ ಪ್ರಕಾರ ಒಮ್ಮೆ ಜೋಡಿಸಿ ನೋಡಿ. ತಡ ಎಲ್ಲ ಸೋಮವಾರವೇ ಬಿದ್ದಿದ್ದರೆ, ಅಥವಾ ಒಂದೇ ನಿಲ್ದಾಣದಲ್ಲಿ ಬಿದ್ದಿದ್ದರೆ, ಕೇಳಬೇಕಾದ ಪ್ರಶ್ನೆ ನಿಮ್ಮ ಕೈಯಲ್ಲಿದೆ. ಹುಬ್ಬಳ್ಳಿ–ಗದಗ–ಹೊಸಪೇಟೆ ದಾರಿಯಲ್ಲಿ ಅದಿರು, ಕಲ್ಲಿದ್ದಲಿನ ಗೂಡ್ಸ್ ಗಾಡಿಗಳು ಜಾಸ್ತಿ. ಹಳಿ ಜೋಡಿಯಾದ ಮೇಲೂ ದೊಡ್ಡ ಜಂಕ್ಷನ್ನಿನ ಬಾಯಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಆಗುವವರೆಗೆ ಕಾಯುವುದು ಇದ್ದೇ ಇರುತ್ತದೆ.

ಯಾರಿಗೆ ಕೊಡಬೇಕು

ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ ಸೌಧದಲ್ಲಿದೆ. ಹುಬ್ಬಳ್ಳಿ ವಿಭಾಗದ ಡಿಆರ್‌ಎಂ (ವಿಭಾಗದ ಮುಖ್ಯ ಅಧಿಕಾರಿ) ಕಚೇರಿಯೂ ಇದೇ ಊರಿನಲ್ಲಿದೆ. ಎರಡೂ ಒಂದೇ ಎಂದು ತಿಳಿಯಬೇಡಿ. ಮೊದಲು ವಿಭಾಗಕ್ಕೆ ಕೊಡಿ, ಕೇಂದ್ರ ಕಚೇರಿಗೆ ಒಂದು ಪ್ರತಿ ಕಳಿಸಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರು ಇಲ್ಲೇ ಎಡವುತ್ತಾರೆ. ಹುಬ್ಬಳ್ಳಿ ಹತ್ತಿರ ಇದ್ದರೂ ಆ ನಿಲ್ದಾಣಗಳು ಮೈಸೂರು ವಿಭಾಗಕ್ಕೆ ಸೇರಿವೆ. ಹಾವೇರಿಯ ಗೆಳೆಯರ ಜೊತೆ ಸೇರಿ ನಾನು ಬರೆದ ಮೊದಲ ಅರ್ಜಿ ಹುಬ್ಬಳ್ಳಿ ವಿಭಾಗದ ಹೆಸರಿಗೆ ಹೋಗಿತ್ತು, ತಪ್ಪು ನಮ್ಮದೇ, ಎರಡು ತಿಂಗಳು ಹಾಗೇ ಹೋಯಿತು.

ಹೊತ್ತು, ಕ್ರಾಸಿಂಗ್ (ಎದುರು ಗಾಡಿಗೆ ದಾರಿ ಬಿಡುವುದು), ತಡ ಇವೆಲ್ಲ ಆಪರೇಟಿಂಗ್ ವಿಭಾಗದ ಕೆಲಸ. ಟಿಕೆಟ್, ನಿಲುಗಡೆ, ಕೌಂಟರ್ ಇವು ಕಮರ್ಷಿಯಲ್‌ನವರದ್ದು. ಅರ್ಜಿ ಒಂದೇ ಪುಟ ಇರಲಿ, ಕೇಳುವುದು ಒಂದೇ ಇರಲಿ. "ಗಾಡಿ ಸರಿಯಾಗಿ ಓಡಿಸಿ" ಎಂದು ಬರೆಯಬೇಡಿ. "ಈ ನಂಬರಿನ ಗಾಡಿಯನ್ನು 10 ನಿಮಿಷ ಮುಂಚೆ ಬಿಡಿ, ಕಾರಣ ಈ ಪಟ್ಟಿ" ಎಂದು ಬರೆಯಿರಿ, ನಾಲ್ಕು ವಾರದ ಪಟ್ಟಿ ಹಿಂದೆ ಹಚ್ಚಿ. ಕನ್ನಡದಲ್ಲಿ ಬರೆದು ಇಂಗ್ಲಿಷ್ ಪ್ರತಿಯನ್ನೂ ಇಡಿ. ಹೊಸ ವೇಳಾಪಟ್ಟಿ ಜಾರಿಗೆ ಬರುವ ನಾಲ್ಕೈದು ತಿಂಗಳು ಮುಂಚೆಯೇ ಕೊಟ್ಟರೆ ಒಳ್ಳೆಯದು. ಸಂಸದರ ಕಚೇರಿಗೆ ಒಂದು ಪ್ರತಿ, ವಿಭಾಗದ ರೈಲು ಬಳಕೆದಾರರ ಸಲಹಾ ಸಮಿತಿಯಲ್ಲಿ ನಿಮ್ಮ ಕಡೆಯವರು ಯಾರಾದರೂ ಇದ್ದರೆ ಅವರಿಗೊಂದು ಪ್ರತಿ. ಅವರು ಸಭೆಯಲ್ಲಿ ಎತ್ತಿದ ವಿಷಯ ನಡಾವಳಿಯಲ್ಲಿ ದಾಖಲಾಗುತ್ತದೆ.

ಒಂದು ದಿನದ ತಡಕ್ಕೆ ರೈಲ್ವೆಯ ದೂರು ವ್ಯವಸ್ಥೆಯಾದ ರೈಲ್‌ಮದದ್ ಸಾಕು, 139 ಅಥವಾ ಆ್ಯಪ್. ಬರುವ ದೂರಿನ ನಂಬರನ್ನು ಅದೇ ದಿನದ ಸಾಲಿನಲ್ಲಿ ಬರೆದುಕೊಳ್ಳಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಇದೆ. ರೈಲ್ವೆ ಕೇಂದ್ರ ಸರಕಾರದ್ದು, ಹಾಗಾಗಿ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲೇ ಹಾಕಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಗಾಡಿ ಯಾಕೆ ತಡ?" ಎಂದು ಕೇಳಬೇಡಿ, ಯಾಕೆ ಎಂಬುದಕ್ಕೆ ಅವರು ಉತ್ತರಿಸಬೇಕಾಗಿಲ್ಲ. ಇರುವ ದಾಖಲೆ ಕೇಳಿ. ಕಳೆದ ಮೂರು ತಿಂಗಳು ಈ ನಂಬರಿನ ಗಾಡಿ ಪ್ರತಿ ನಿಲ್ದಾಣಕ್ಕೆ ಬಂದ ಮತ್ತು ಬಿಟ್ಟ ಹೊತ್ತು, ದಾಖಲಾದ ತಡದ ಕಾರಣಗಳು, ಇದೇ ಮೂರು ತಿಂಗಳು ನಮ್ಮ ನಿಲ್ದಾಣದಿಂದ ಮಾರಾಟವಾದ ಟಿಕೆಟ್ ಮತ್ತು ಪಾಸ್ ಎಷ್ಟು. ಇಷ್ಟೇ. ತಡದ ಕಾರಣಗಳನ್ನು ರೈಲ್ವೆ ಸಿಗ್ನಲ್, ಹಳಿ ಕೆಲಸ, ಎಂಜಿನ್, ದಾರಿ ಖಾಲಿ ಇಲ್ಲದ್ದು ಎಂದು ಬಿಡಿಬಿಡಿಯಾಗಿ ಬರೆದಿಡುತ್ತದೆ. ಉತ್ತರ ಬಂದ ದಿನ ಅವರ ಪಟ್ಟಿ, ನಿಮ್ಮ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಹೊಂದಿದ ಸಾಲಿಗೆ ಒಂದು ಗುರುತು, ಹೊಂದದ ಸಾಲಿಗೆ ಇನ್ನೊಂದು. ಮುಂದಿನ ಅರ್ಜಿ ಆ ಹೊಂದದ ಸಾಲುಗಳ ಬಗ್ಗೆ ಬರೆಯಬೇಕು.

ಹೊತ್ತು ಬದಲಾಯಿಸಿದರೆ, ಅಥವಾ ಡಬ್ಬಿ ಹಚ್ಚಿದರೆ, ನೋಟ್‌ಬುಕ್ ಮುಚ್ಚಬೇಡಿ. ಮೊದಲ ವಾರ ಜನಕ್ಕೆ ಹೊಸ ಹೊತ್ತು ಗೊತ್ತಿರುವುದಿಲ್ಲ, ಅದನ್ನು ಬಿಟ್ಟುಬಿಡಿ. ಎರಡನೇ ವಾರದಿಂದ ಅದೇ ಸಾಲು, ಅದೇ ನಾಲ್ಕು ಮೆಟ್ಟಿಲು, ಅದೇ ಗಡಿಯಾರ ಇಟ್ಟುಕೊಂಡು ಮತ್ತೆ ನಾಲ್ಕು ವಾರ ಬರೆಯಿರಿ.